ನೋವು ಬಂದು ಹೋದರೆ ಹೃದಯ ಗಟ್ಟಿಯಾಗುತ್ತದೆಯೇ?

ನಾಯಿಯ ಹೃದಯಕ್ಕೆ ರಕ್ತ ಒಯ್ಯುವ ಒಂದು ಕವಲನ್ನು 40 ನಿಮಿಷ ಬಿಗಿಹಿಡಿದು ಬಿಟ್ಟರೆ, ಆ ಕವಲನ್ನೇ ನಂಬಿಕೊಂಡ ಸ್ನಾಯುವಿನಲ್ಲಿ ಸುಮಾರು ಶೇ 29ರಷ್ಟು ಸಾಯುತ್ತದೆ. ಅದೇ ಕವಲನ್ನು ಮೊದಲು 5 ನಿಮಿಷ ಬಿಗಿದು, 5 ನಿಮಿಷ ಬಿಟ್ಟು, ಹೀಗೆ ನಾಲ್ಕು ಸಲ ಮಾಡಿ, ಆಮೇಲೆ 40 ನಿಮಿಷ ಬಿಗಿದರೆ ಸಾಯುವುದು ಶೇ 7ರಷ್ಟು ಮಾತ್ರ. ಲೆಕ್ಕ ಹಾಕಿ ನೋಡಿ: ಎರಡನೆಯ ಗುಂಪಿನ ನಾಯಿಗಳ ಹೃದಯ ಒಟ್ಟು 60 ನಿಮಿಷ ರಕ್ತವಿಲ್ಲದೆ ಇತ್ತು, ಮೊದಲನೆಯದರದ್ದು 40 ನಿಮಿಷ. ಹೆಚ್ಚು ಹೊತ್ತು ಉಪವಾಸ ಬಿದ್ದದ್ದೇ ಹೆಚ್ಚು ಉಳಿದುಕೊಂಡಿತು.

1986ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಚಾರ್ಲ್ಸ್ ಮರ್ರಿ, ರಾಬರ್ಟ್ ಜೆನ್ನಿಂಗ್ಸ್ ಮತ್ತು ಕೀತ್ ರೀಮರ್ ಈ ಫಲಿತಾಂಶ ಪ್ರಕಟಿಸಿದರು. ಅದಕ್ಕೆ ಅವರಿಟ್ಟ ಹೆಸರು ಪ್ರಿಕಂಡಿಷನಿಂಗ್. ಕನ್ನಡದಲ್ಲಿ ಪೂರ್ವಸಿದ್ಧತೆ ಎನ್ನಬಹುದು. ಅವರ ಬಳಗ ಮೊದಲು ಹುಡುಕುತ್ತಿದ್ದದ್ದು ಬೇರೆಯೇ. ಎದೆನೋವಿನ ರೋಗಿಗಳಿಗೆ ದಿನಕ್ಕೆ ಹತ್ತಾರು ಸಲ ಬಂದು ಹೋಗುವ ಚಿಕ್ಕ ಚಿಕ್ಕ ರಕ್ತಕೊರತೆಗಳು ಒಂದಕ್ಕೊಂದು ಕೂಡಿ ಸ್ನಾಯುವನ್ನು ಬರಿದು ಮಾಡುತ್ತವೆಯೇ ಎಂಬುದು ಪ್ರಶ್ನೆ. ಕೂಡುತ್ತವೆ ಎಂದೇ ಎಲ್ಲರ ಊಹೆ. ಅಳೆದು ನೋಡಿದರೆ ಮೊದಲ ತಡೆಯಲ್ಲಿ ಶಕ್ತಿ ಸಂಗ್ರಹ ಇಳಿಯಿತು, ಮುಂದಿನ ತಡೆಗಳಲ್ಲಿ ಅಷ್ಟಾಗಿ ಇಳಿಯಲೇ ಇಲ್ಲ. ಆ ಕೊಂಡಿ ಹಿಡಿದು ಹೋದಾಗ ಸಿಕ್ಕಿದ್ದು ಮೇಲಿನ ಅಂಕಿ.

ಅದೇ ಪ್ರಬಂಧದಲ್ಲಿ ಇನ್ನೊಂದು ಪ್ರಯೋಗವೂ ಇತ್ತು, ಜನಪ್ರಿಯ ಬರಹಗಳು ಅದನ್ನು ಹೆಚ್ಚಾಗಿ ಹೇಳುವುದಿಲ್ಲ. ನಾಲ್ಕು ಸಲದ ಅದೇ ಪೂರ್ವಸಿದ್ಧತೆಯ ನಂತರ 40 ನಿಮಿಷದ ಬದಲು ಮೂರು ಗಂಟೆ ಬಿಗಿಹಿಡಿದರು. ಆಗ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಉಳಿಯಲಿಲ್ಲ. ಪ್ರಬಂಧದ ತಲೆಬರಹದಲ್ಲೇ ವಿಳಂಬ ಎಂಬ ಪದವಿದೆ. ಪೂರ್ವಸಿದ್ಧತೆ ಸಾವನ್ನು ತಪ್ಪಿಸುವುದಿಲ್ಲ, ಮುಂದೂಡುತ್ತದೆ. ಮುಂದೂಡಿದ ಆ ಅವಧಿಯೊಳಗೆ ಯಾರಾದರೂ ರಕ್ತನಾಳ ತೆರೆದರೆ ಲಾಭ, ತೆರೆಯದಿದ್ದರೆ ಏನೂ ಇಲ್ಲ. ಈ ವಿಷಯದಲ್ಲಿ ನಂತರ ಹುಟ್ಟಿದ ಆಸೆ, ನಿರಾಸೆ, ಗೊಂದಲ ಎಲ್ಲವೂ ಈ ಒಂದು ಸಂಗತಿಯಿಂದಲೇ ಅರ್ಥವಾಗುತ್ತವೆ.

ದಿನಗೂಲಿಯ ಸಂಸಾರ

ಹೃದಯ ಸ್ನಾಯುವಿನ ಕೋಶಕ್ಕೆ ಕೂಡಿಡುವ ಅಭ್ಯಾಸವಿಲ್ಲ. ಅದರದ್ದು ದಿನಗೂಲಿಯ ಸಂಸಾರ: ಎಟಿಪಿ ಎಂಬ ಶಕ್ತಿಕಣ ಆಗಾಗಲೇ ತಯಾರಾಗಬೇಕು, ಆಗಾಗಲೇ ಖರ್ಚಾಗಬೇಕು. ರಕ್ತ ನಿಂತ ಕೆಲವೇ ಸೆಕೆಂಡಿನಲ್ಲಿ ಆಮ್ಲಜನಕ ಮುಗಿಯುತ್ತದೆ. ಒಂದು ನಿಮಿಷದೊಳಗೆ ಆ ಭಾಗ ಕುಗ್ಗಿ ಹಿಗ್ಗುವುದನ್ನು ಬಿಟ್ಟು ಸುಮ್ಮನೆ ಉಬ್ಬಿ ನಿಲ್ಲುತ್ತದೆ. ಕೋಶ ಆಮೇಲೆ ಆಮ್ಲಜನಕವಿಲ್ಲದೆ ಸಕ್ಕರೆ ಒಡೆಯಲು ತೊಡಗುತ್ತದೆ. ಅದರಿಂದ ಹುಟ್ಟುವ ಎಟಿಪಿ ಅತ್ಯಲ್ಪ, ಕಸವಾಗಿ ಉಳಿಯುವ ಲ್ಯಾಕ್ಟಿಕ್ ಆಮ್ಲ ಹೇರಳ. ನಾಯಿಯ ಹೃದಯದಲ್ಲಿ 15 ನಿಮಿಷ ಕಳೆಯುವಷ್ಟರಲ್ಲಿ ಎಟಿಪಿ ಮೂರನೇ ಒಂದು ಭಾಗಕ್ಕೆ ಇಳಿದಿರುತ್ತದೆ, 40 ನಿಮಿಷಕ್ಕೆ ಹತ್ತನೇ ಒಂದು ಭಾಗವೂ ಉಳಿದಿರುವುದಿಲ್ಲ. ಸುಮಾರು 20 ನಿಮಿಷದೊಳಗೆ ರಕ್ತ ಮರಳಿದರೆ ಕೋಶ ಬದುಕುತ್ತದೆ. ಅದರಾಚೆ ಒಳಪದರದಿಂದ ಸಾವು ಶುರುವಾಗಿ, ಗಂಟೆಗಳು ಕಳೆದಂತೆ ಹೊರಪದರದತ್ತ ಹಬ್ಬುತ್ತದೆ. ಹೃದಯಾಘಾತ ಎಂದರೆ ದೀಪ ಆರಿದ ಹಾಗೆ ಒಂದೇ ಕ್ಷಣದ ಘಟನೆಯಲ್ಲ, ಬೆಂಕಿ ಹುಲ್ಲು ಬಯಲಿನಲ್ಲಿ ಸರಿಯುವ ಹಾಗೆ ಎಂಬುದನ್ನು 1977ರಲ್ಲಿ ತೋರಿಸಿದವರೂ ಇದೇ ರೀಮರ್ ಮತ್ತು ಜೆನ್ನಿಂಗ್ಸ್.

ಒಮ್ಮೆ ಬರ ಕಂಡ ಮನೆಯವರು ಕಣಜದ ಭತ್ತವನ್ನು ಅಳೆದು ತೆಗೆಯುತ್ತಾರಲ್ಲ, ಪೂರ್ವಸಿದ್ಧ ಕೋಶವೂ ಹಾಗೆ ನಡೆದುಕೊಳ್ಳುತ್ತದೆ. ದೊಡ್ಡ ತಡೆ ಬಂದಾಗ ಅದರ ಎಟಿಪಿ ನಿಧಾನವಾಗಿ ಕರಗುತ್ತದೆ, ಲ್ಯಾಕ್ಟಿಕ್ ಆಮ್ಲ ನಿಧಾನವಾಗಿ ಕೂಡುತ್ತದೆ. ಈ ಎಚ್ಚರಿಕೆಯ ಸುದ್ದಿ ಕೋಶಕ್ಕೆ ತಲುಪುವುದು ಎಟಿಪಿಯ ಅವಶೇಷದಿಂದಲೇ. ಎಟಿಪಿ ಒಡೆದು ಒಡೆದು ಕೊನೆಗೆ ಅಡಿನೋಸಿನ್ ಆಗುತ್ತದೆ. ಅದು ಕೋಶದಿಂದ ಹೊರಗೆ ಸೋರಿ ಅದೇ ಕೋಶದ ಮೇಲ್ಮೈಯಲ್ಲಿ ಸುದ್ದಿ ಹಿಡಿಯುವ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಳ್ಳುತ್ತದೆ. 1991ರಲ್ಲಿ ಅಲಬಾಮಾದ ಜೇಮ್ಸ್ ಡೌನಿಯವರ ತಂಡ ಮೊಲಗಳಿಗೆ ಈ ಗ್ರಾಹಕವನ್ನು ಮುಚ್ಚುವ ಔಷಧ ಕೊಟ್ಟಿತು. ಪೂರ್ವಸಿದ್ಧತೆ ಕೆಲಸ ಮಾಡಲಿಲ್ಲ. ತಡೆಯ ಬದಲು ಬರೀ ಅಡಿನೋಸಿನ್ ಹರಿಸಿದರೂ ರಕ್ಷಣೆ ಸಿಕ್ಕಿತು. ಬ್ರ್ಯಾಡಿಕೈನಿನ್ ಮತ್ತು ದೇಹವೇ ತಯಾರಿಸುವ ಅಫೀಮಿನಂಥ ಪೆಪ್ಟೈಡ್‌ಗಳು ಕೂಡ ಇದೇ ಬಾಗಿಲನ್ನು ಬೇರೆ ಕಡೆಯಿಂದ ತಟ್ಟುತ್ತವೆ. ಒಂದನ್ನು ಮುಚ್ಚಿದರೆ, ತಡೆಗಳ ಸಂಖ್ಯೆ ಹೆಚ್ಚಿಸಿ ಉಳಿದವುಗಳಿಂದ ಆ ಕೊರತೆ ತುಂಬಿಸಬಹುದು.

ಒಳಗೆ ಹೋದ ಸುದ್ದಿ ಪ್ರೋಟೀನ್ ಕೈನೇಸ್-ಸಿ ಮೊದಲಾದ ಕಿಣ್ವಗಳ ಕೈಯಿಂದ ಕೈಗೆ ಸಾಗಿ, ಕೋಶದೊಳಗೆ ಎಟಿಪಿ ತಯಾರಿಸುವ ಮೈಟೊಕಾಂಡ್ರಿಯ ತಲುಪುತ್ತದೆ. ಅಲ್ಲಿ ಪೊಟ್ಯಾಸಿಯಂ ದಾರಿಯೊಂದು ತೆರೆಯುತ್ತದೆ, ಆಮ್ಲಜನಕದ ತುಂಟ ಕಣಗಳು ಒಂದಿಷ್ಟು ಹುಟ್ಟುತ್ತವೆ. ಹೆಚ್ಚಾದರೆ ಕೋಶವನ್ನು ಸುಡುವ ಈ ಕಣಗಳೇ ಇಲ್ಲಿ ಅಲ್ಪ ಪ್ರಮಾಣದಲ್ಲಿ ದೂತರ ಕೆಲಸ ಮಾಡುತ್ತವೆ. ಪೂರ್ವಸಿದ್ಧತೆಯ ಹೊತ್ತಿನಲ್ಲಿ ಆ ಕಣಗಳನ್ನು ಅಳಿಸುವ ಔಷಧ ಕೊಟ್ಟರೆ ರಕ್ಷಣೆ ಹೋಗಿಬಿಡುತ್ತದೆ. ಆಂಟಿ-ಆಕ್ಸಿಡೆಂಟ್ ಮಾತ್ರೆ ಎಂದರೆ ಕಣ್ಣು ಮುಚ್ಚಿ ಒಳ್ಳೆಯದು ಎಂದುಕೊಂಡವರು ಇದನ್ನೊಮ್ಮೆ ನೆನೆಯಬೇಕು.

ಕೊನೆಯ ಮೆಟ್ಟಿಲಿನಲ್ಲಿ ಇನ್ನೊಂದು ಸೋಜಿಗವಿದೆ. ಕೋಶ ಸಾಯುವುದು ರಕ್ತ ನಿಂತಾಗ ಮಾತ್ರವಲ್ಲ, ಮರಳಿದಾಗಲೂ. ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಒಂದು ದೊಡ್ಡ ರಂಧ್ರವಿದೆ. ಅದು ತೆರೆದರೆ ನೀರು ನುಗ್ಗಿ ಮೈಟೊಕಾಂಡ್ರಿಯ ಉಬ್ಬಿ ಒಡೆಯುತ್ತದೆ. ರಕ್ತವಿಲ್ಲದ ಹೊತ್ತಿನಲ್ಲಿ ಕೂಡಿದ ಆಮ್ಲವೇ ಈ ರಂಧ್ರವನ್ನು ಮುಚ್ಚಿಟ್ಟಿರುತ್ತದೆ. ರಕ್ತ ಮರಳಿತೆನ್ನಿ: ಆಮ್ಲ ತೊಳೆದುಹೋಗುತ್ತದೆ, ಕ್ಯಾಲ್ಸಿಯಂ ಆಗಲೇ ತುಂಬಿದೆ, ಆಮ್ಲಜನಕದ ಕಣಗಳು ಒಮ್ಮೆಲೇ ಏಳುತ್ತವೆ. ಮೊದಲ ಕೆಲವು ನಿಮಿಷಗಳಲ್ಲಿ ರಂಧ್ರ ತೆರೆದುಕೊಳ್ಳುತ್ತದೆ. ಪೂರ್ವಸಿದ್ಧ ಕೋಶದಲ್ಲಿ ಅದು ಅಷ್ಟು ಸುಲಭವಾಗಿ ತೆರೆಯುವುದಿಲ್ಲ.

ಇದು ಗೊತ್ತಾದ ಮೇಲೆ, ಮುಂಚೆಯೇ ಸಿದ್ಧಪಡಿಸಲಾಗದಿದ್ದರೆ ರಕ್ತ ಬಿಡುವಾಗ ಜಾಣತನ ಮಾಡಬಹುದಲ್ಲ ಎಂಬ ಯೋಚನೆ ಬಂತು. 2003ರಲ್ಲಿ ನಾಯಿಗಳ ಮೇಲೆ, ತಡೆ ತೆರೆದ ಕೂಡಲೇ 30 ಸೆಕೆಂಡು ಬಿಟ್ಟು 30 ಸೆಕೆಂಡು ಹಿಡಿದು ಮೂರು ಸಲ ಹೀಗೆ ಮಾಡಿದಾಗ ಪೂರ್ವಸಿದ್ಧತೆಯಷ್ಟೇ ಲಾಭ ಸಿಕ್ಕಿತು. 2005ರಲ್ಲಿ ಫ್ರಾನ್ಸಿನಲ್ಲಿ, ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆಯುವ ಆಂಜಿಯೋಪ್ಲಾಸ್ಟಿಯ ರೋಗಿಗಳಲ್ಲಿ ಆ ಬಲೂನನ್ನೇ ಒಂದೊಂದು ನಿಮಿಷ ನಾಲ್ಕು ಸಲ ಉಬ್ಬಿಸಿ ಇಳಿಸಿ ನೋಡಿದರು, ಹಾನಿ ಕಡಿಮೆಯಾಯಿತು. ಆದರೆ 2017ರಲ್ಲಿ ಡೆನ್ಮಾರ್ಕ್‌ನಲ್ಲಿ 1,234 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಸಾವು ಮತ್ತು ಹೃದಯವೈಫಲ್ಯ ಕಡಿಮೆಯಾಗಲಿಲ್ಲ. ರಂಧ್ರವನ್ನೇ ಮುಚ್ಚುವ ಸೈಕ್ಲೋಸ್ಪೋರಿನ್ ಔಷಧದ ಕಥೆಯೂ ಇದೇ: 2008ರಲ್ಲಿ 58 ರೋಗಿಗಳಲ್ಲಿ ಭರವಸೆ, 2015ರಲ್ಲಿ 970 ರೋಗಿಗಳಲ್ಲಿ ಶೂನ್ಯ.

ಎರಡು ಕಿಟಕಿ

ಈ ರಕ್ಷಣೆಗೆ ಅವಧಿ ಇದೆ. ಚಿಕ್ಕ ತಡೆ ಮುಗಿದು ಕೆಲವೇ ನಿಮಿಷಕ್ಕೆ ಮೊದಲ ಕಿಟಕಿ ತೆರೆಯುತ್ತದೆ, ಒಂದೆರಡು ಗಂಟೆಯಲ್ಲಿ ಮುಚ್ಚುತ್ತದೆ. ಇದು ಬಲವಾದದ್ದು. ನಂತರ ಅರ್ಧ ದಿನ ಏನೂ ಇರುವುದಿಲ್ಲ. ಸುಮಾರು 24 ಗಂಟೆಗೆ ಎರಡನೆಯ ಕಿಟಕಿ ತೆರೆದು 72 ಗಂಟೆಯವರೆಗೆ ಇರುತ್ತದೆ; 1993ರಲ್ಲಿ ಜಪಾನ್ ಮತ್ತು ಲಂಡನ್‌ನ ತಂಡಗಳು ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡವು. ಮೊದಲನೆಯದು ಇರುವ ಸಾಮಾನಿನಲ್ಲೇ ನಡೆಯುವ ವ್ಯವಸ್ಥೆ. ಎರಡನೆಯದಕ್ಕೆ ಕೋಶ ಹೊಸ ಪ್ರೋಟೀನುಗಳನ್ನು ತಯಾರಿಸಿಕೊಳ್ಳಬೇಕು, ಅದಕ್ಕೇ ತಡ.

ಪ್ರಮಾಣವೂ ಮುಖ್ಯ. ತಡೆ ತೀರಾ ಚಿಕ್ಕದಾದರೆ ಅಡಿನೋಸಿನ್ ಸಾಕಷ್ಟು ಸೋರುವುದಿಲ್ಲ. 20 ನಿಮಿಷ ದಾಟಿದರೆ ಅದು ಪಾಠವಲ್ಲ, ಪೆಟ್ಟು. ಮತ್ತೆ ಮತ್ತೆ ಮಾಡಿದರೆ? ಎಚ್ಚರವಿದ್ದ ಮೊಲಗಳಲ್ಲಿ ಮೂರು ನಾಲ್ಕು ದಿನ, ಅರ್ಧರ್ಧ ಗಂಟೆಗೊಮ್ಮೆ 5 ನಿಮಿಷದ ತಡೆ ಕೊಟ್ಟು 40ಕ್ಕೂ ಹೆಚ್ಚು ಸಲ ಮಾಡಿ ನೋಡಿದ್ದಾರೆ. ಹೃದಯ ಆ ಸುದ್ದಿಗೆ ಕಿವುಡಾಯಿತು, ರಕ್ಷಣೆ ಹೋಯಿತು. ಅಲ್ಲದೆ ಪ್ರತಿ ತಡೆಗೂ ಬೆಲೆಯಿದೆ: ಕೋಶ ಸಾಯದಿದ್ದರೂ ಆ ಭಾಗದ ಸ್ನಾಯು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮಂಕಾಗಿ ಬಡಿಯುತ್ತದೆ. ಎಕೋ ಮಾಡುವವರು ಇದನ್ನು ಪರದೆಯ ಮೇಲೆ ಕಾಣುತ್ತಾರೆ: ಸುತ್ತಲ ಗೋಡೆ ಚುರುಕಾಗಿ ಒಳಸರಿಯುತ್ತಿದ್ದರೆ ಆ ತುಂಡು ಮಾತ್ರ ಅರೆಮನಸ್ಸಿನಿಂದ ಅಲುಗುತ್ತಿರುತ್ತದೆ.

ಮನುಷ್ಯರಲ್ಲಿ ಕಂಡದ್ದು

ಹೃದಯಕ್ಕೆ ರಕ್ತ ಸಾಲದೆ ಬಂದು ಹೋಗುವ ಎದೆನೋವಿಗೆ ಆಂಜೈನಾ ಎಂಬ ಹೆಸರಿಟ್ಟ ಲಂಡನ್ ವೈದ್ಯ ವಿಲಿಯಂ ಹೆಬರ್ಡನ್ ಹದಿನೆಂಟನೇ ಶತಮಾನದಲ್ಲೇ, ದಿನಾ ಅರ್ಧ ಗಂಟೆ ಮರ ಕೊಯ್ಯುವ ಕೆಲಸ ಹಚ್ಚಿಕೊಂಡ ರೋಗಿಯೊಬ್ಬ ಹೆಚ್ಚುಕಡಿಮೆ ಗುಣವಾದನೆಂದು ಬರೆದಿಟ್ಟಿದ್ದಾರೆ. ಇಂದಿಗೂ ಆಂಜೈನಾ ಇರುವ ಹಲವರು ಹೇಳುವ ಮಾತಿದು: ಬೆಳಿಗ್ಗೆ ನಡೆಯಲು ಹೊರಟಾಗ ಮೊದಲ ಏರಿನಲ್ಲಿ ಎದೆ ಹಿಡಿಯುತ್ತದೆ, ನಿಂತು ಸುಧಾರಿಸಿಕೊಂಡು ಮತ್ತೆ ಹೊರಟರೆ ಅದಕ್ಕಿಂತ ದೊಡ್ಡ ಏರು ಹತ್ತಿದರೂ ನೋವಿಲ್ಲ. ಟ್ರೆಡ್‌ಮಿಲ್ ಮೇಲೆ ಇದನ್ನು ಅಳೆಯಬಹುದು. ಮೊದಲ ಓಟ, ಹತ್ತು ನಿಮಿಷ ವಿರಾಮ, ಎರಡನೆಯ ಓಟ; ಎರಡನೆಯದರಲ್ಲಿ ನೋವು ತಡವಾಗಿ ಬರುತ್ತದೆ, ರಕ್ತಕೊರತೆ ತೋರಿಸುವ ಇಸಿಜಿ ಗೆರೆಯ ಇಳಿತವೂ ಕಡಿಮೆ. ಇದನ್ನು ಪೂರ್ತಿಯಾಗಿ ಪೂರ್ವಸಿದ್ಧತೆಯ ಲೆಕ್ಕಕ್ಕೆ ಬರೆಯುವುದು ತಪ್ಪು. ಮೈ ಬಿಸಿಯಾದ ಮೇಲೆ ಕೈಕಾಲಿನ ರಕ್ತನಾಳಗಳು ಹಿಗ್ಗಿ ಹೃದಯದ ಹೊರೆ ಇಳಿಯುತ್ತದೆ, ಒಳಪದರಕ್ಕೆ ರಕ್ತ ಚೆನ್ನಾಗಿ ಸಿಗುತ್ತದೆ. ಕಾರಣ ಯಾವುದೇ ಇರಲಿ, ಪಾಠ ಸರಳ: ಸ್ಥಿರವಾದ ಆಂಜೈನಾ ಇರುವವರು, ವೈದ್ಯರು ನಡೆಯಬಹುದು ಎಂದಿದ್ದರೆ, ಮೊದಲ ಐದರಿಂದ ಹತ್ತು ನಿಮಿಷ ಸಮತಟ್ಟಿನಲ್ಲಿ ನಿಧಾನವಾಗಿ ಹೆಜ್ಜೆ ಹಾಕಿ ಆಮೇಲೆ ವೇಗ ಕೂಡಿಸಬೇಕು. ನೋವು ಬಂದಮೇಲೂ ಹಲ್ಲು ಕಚ್ಚಿ ನಡೆಯುವುದು ಪೂರ್ವಸಿದ್ಧತೆಯಲ್ಲ.

ಬಲೂನು ಆಂಜಿಯೋಪ್ಲಾಸ್ಟಿಯ ಕೋಣೆಯಲ್ಲಿ ಇನ್ನೂ ಸ್ವಚ್ಛವಾದ ಪುರಾವೆ ಸಿಕ್ಕಿತು. 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಲೂನನ್ನು 90 ಸೆಕೆಂಡು ಉಬ್ಬಿಸಿ ಇಳಿಸಿ, ಸ್ವಲ್ಪ ಬಿಟ್ಟು ಮತ್ತೆ 90 ಸೆಕೆಂಡು ಉಬ್ಬಿಸಿದರು. ಎರಡನೆಯ ಸಲ ನೋವು ಕಡಿಮೆ, ನಾಳ ಪೂರ್ತಿ ಮುಚ್ಚಿದಾಗ ಕಾಣುವ ಇಸಿಜಿ ಗೆರೆಯ ಏರಿಕೆ ಕಡಿಮೆ, ಹೃದಯದಿಂದ ಹೊರಬರುವ ಲ್ಯಾಕ್ಟೇಟ್ ಕಡಿಮೆ. ಗ್ಲೈಬೆನ್‌ಕ್ಲಮೈಡ್ ಎಂಬ, ಸಕ್ಕರೆ ಕಾಯಿಲೆಯ ಹಳೆಯ ಮಾತ್ರೆ ಕೊಟ್ಟವರಲ್ಲಿ ಈ ವ್ಯತ್ಯಾಸ ಅಳಿಸಿಹೋಯಿತು ಎಂಬುದು 1994ರ ಇನ್ನೊಂದು ಅಧ್ಯಯನ. ಮೇಲೆ ಹೇಳಿದ ಪೊಟ್ಯಾಸಿಯಂ ದಾರಿಯನ್ನು ಈ ಮಾತ್ರೆ ಮುಚ್ಚುತ್ತದೆ. ಮೇದೋಜೀರಕದಲ್ಲಿ ಇನ್ಸುಲಿನ್ ಹೊರಡಿಸುವುದೂ ಅಂಥದ್ದೇ ದಾರಿ ಮುಚ್ಚಿಯೇ. ಅದೇ ಬಳಗದ ಗ್ಲಿಮೆಪಿರೈಡ್ ಮಾತ್ರೆಯಲ್ಲಿ ಈ ತೊಂದರೆ ಕಡಿಮೆ. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಹೃದಯದ ಕಾಯಿಲೆಯೂ ಇದೆ, ಗ್ಲೈಬೆನ್‌ಕ್ಲಮೈಡ್ ಕೂಡ ನಡೆಯುತ್ತಿದೆ ಎಂದಾದರೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳುವುದು ನ್ಯಾಯವಾದ ಪ್ರಶ್ನೆ.

ಇನ್ನು ದೊಡ್ಡ ಹೃದಯಾಘಾತಕ್ಕೆ ಮುಂಚೆ ನೋವು ಬಂದು ಹೋದವರ ವಿಷಯ. ಹೆಪ್ಪು ಕರಗಿಸುವ ಚಿಕಿತ್ಸೆಯ ಕಾಲದ ಅಮೆರಿಕದ ಅಧ್ಯಯನಗಳಲ್ಲಿ, ಆಘಾತಕ್ಕೆ ಹಿಂದಿನ 24 ಗಂಟೆಯೊಳಗೆ ಆಂಜೈನಾ ಬಂದಿದ್ದವರಲ್ಲಿ ಹಾನಿಯ ವಿಸ್ತಾರ ಚಿಕ್ಕದಿತ್ತು, ಆಸ್ಪತ್ರೆಯಲ್ಲಿ ತೊಂದರೆಯೂ ಕಡಿಮೆಯಿತ್ತು. ಆಗ ಬಹಳ ಉತ್ಸಾಹ ಹುಟ್ಟಿತು. ಆದರೆ ಇಂಥವರಲ್ಲಿ ಔಷಧ ಕೊಟ್ಟಾಗ ಹೆಪ್ಪು ಬೇಗ ಕರಗುತ್ತದೆ ಎಂಬುದು 1996ರಲ್ಲಿ ಗೊತ್ತಾಯಿತು; ಪಕ್ಕದ ನಾಳಗಳಿಂದ ಬರುವ ಸಣ್ಣ ಹರಿವೂ ಕೆಲವರಲ್ಲಿ ಆಗಲೇ ಬೆಳೆದಿರುತ್ತದೆ. ಮೇಲಾಗಿ 65 ದಾಟಿದವರಲ್ಲಿ ಮತ್ತು ಮಧುಮೇಹಿಗಳಲ್ಲಿ ಈ ಲಾಭ ಬಹುಮಟ್ಟಿಗೆ ಕಾಣಲಿಲ್ಲ. ನಮ್ಮ ಹೃದಯ ವಾರ್ಡುಗಳಲ್ಲಿ ಮಲಗಿರುವವರು ಯಾರು ಎಂದು ನೋಡಿದರೆ, ಈ ಎರಡು ವಿನಾಯಿತಿ ತೆಗೆದಮೇಲೆ ಉಳಿಯುವವರು ಎಷ್ಟು?

ಇನ್ನೊಂದು ವಿಷಯವೂ ಇದೆ. ಇಂಥ ಅಧ್ಯಯನಗಳಲ್ಲಿ ಲೆಕ್ಕಕ್ಕೆ ಸಿಕ್ಕವರು ಆಸ್ಪತ್ರೆ ತಲುಪಿದವರು. ನೋವು ಬಂದು ಹೋಯಿತೆಂದು ಮನೆಯಲ್ಲೇ ಉಳಿದು ದಾರಿಯಲ್ಲೇ ತೀರಿಕೊಂಡವರು ಯಾವ ಪಟ್ಟಿಯಲ್ಲೂ ಇಲ್ಲ.

ತೋಳು ಬಿಗಿದು ಹೃದಯ ಕಾಯುವುದು

ಹೃದಯಾಘಾತ ಯಾವಾಗ ಬರುತ್ತದೆಂದು ಹೇಳಿ ಬರುವುದಿಲ್ಲ, ಮುಂಚಿತವಾಗಿ ಹೃದಯದ ನಾಳ ಹಿಚುಕುವುದೂ ಸಾಧ್ಯವಿಲ್ಲ. ಈ ಕಟ್ಟನ್ನು ಬಿಡಿಸಿದ್ದು 1993ರ ಒಂದು ಪ್ರಯೋಗ. ಕರಿನ್ ಪ್ರಿಜಿಕ್ಲೆಂಕ್ ಮತ್ತು ಜೊತೆಗಾರರು ನಾಯಿಯ ಹೃದಯದ ಒಂದು ಕವಲನ್ನು ಪೂರ್ವಸಿದ್ಧಗೊಳಿಸಿ, ದೊಡ್ಡ ತಡೆಯನ್ನು ಇನ್ನೊಂದು ಕವಲಿಗೆ ಕೊಟ್ಟರು. ಏನೂ ಅನುಭವಿಸದ ಭಾಗವೂ ರಕ್ಷಣೆ ಪಡೆದಿತ್ತು. 1996ರಲ್ಲಿ ನೆದರ್ಲೆಂಡ್ಸ್‌ನ ತಂಡ ಇಲಿಯ ಕರುಳಿನ ನಾಳ ಬಿಗಿದು ಹೃದಯವನ್ನು ಉಳಿಸಿತು. 2002ರಲ್ಲಿ ಬರೀ ಕೈಕಾಲಿಗೆ ಬಿಪಿ ಪಟ್ಟಿ ಕಟ್ಟಿದರೂ ಸಾಕು ಎಂಬ ಫಲಿತಾಂಶ ಬಂತು. ಸುದ್ದಿ ರಕ್ತದ ಮೂಲಕವೂ ಹೋಗುತ್ತದೆ, ನರದ ಮೂಲಕವೂ ಹೋಗುತ್ತದೆ. ಹಂದಿಗಳಲ್ಲಿ ಗುಲ್ಮವನ್ನು (ಸ್ಪ್ಲೀನ್) ತೆಗೆದರೆ ಅಥವಾ ಮಿದುಳಿನಿಂದ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರ ಕತ್ತರಿಸಿದರೆ ರಕ್ಷಣೆ ಹೋಗುತ್ತದೆ ಎಂದು 2018ರಲ್ಲಿ ಜರ್ಮನಿಯ ಎಸ್ಸೆನ್‌ನ ಸಂಶೋಧಕರು ತೋರಿಸಿದರು.

ವಿಧಾನ ಕೇಳಲು ಸುಲಭ. ತೋಳಿಗೆ ಬಿಪಿ ಪಟ್ಟಿ ಕಟ್ಟಿ 200 ಮಿಲಿಮೀಟರ್‌ಗೆ ಏರಿಸಿ 5 ನಿಮಿಷ ಹಿಡಿಯಬೇಕು, ಪೂರ್ತಿ ಬಿಟ್ಟು 5 ನಿಮಿಷ ಕಾಯಬೇಕು. ಹೀಗೆ ಮೂರು ಅಥವಾ ನಾಲ್ಕು ಸಲ, ಒಟ್ಟು ಅರ್ಧ ಗಂಟೆಯಿಂದ 40 ನಿಮಿಷದ ಕೆಲಸ. ಕೆಡುವುದು ಚಿಕ್ಕ ಚಿಕ್ಕ ಕಡೆ. ಪಟ್ಟಿಯ ಒತ್ತಡ ರೋಗಿಯ ಬಿಪಿಯ ಮೇಲಿನ ಅಂಕಿಗಿಂತ ಸ್ಪಷ್ಟವಾಗಿ ಹೆಚ್ಚಿರಬೇಕು. 100ಕ್ಕೋ 120ಕ್ಕೋ ನಿಲ್ಲಿಸಿದರೆ ಅಪಧಮನಿಯಲ್ಲಿ ರಕ್ತ ಒಳಗೆ ಬರುತ್ತಲೇ ಇರುತ್ತದೆ, ಅಭಿಧಮನಿಯಿಂದ ಹೊರಗೆ ಹೋಗಲು ಆಗುವುದಿಲ್ಲ. ಕೈ ನೀಲಿಗಟ್ಟಿ ಊದಿಕೊಳ್ಳುತ್ತದೆ, ರಕ್ತಕೊರತೆ ಮಾತ್ರ ಆಗುವುದೇ ಇಲ್ಲ. ಮೇಲಿನ ಬಿಪಿ 180 ಇರುವವರಿಗೆ 200 ಕೂಡ ಕಷ್ಟದಿಂದ ಸಾಲುತ್ತದೆ, ಇನ್ನಷ್ಟು ಏರಿಸಬೇಕು. ಸರಿಯಾಗಿ ಬಿಗಿದ ಕೈ ಬಿಳಿಚಿ ತಣ್ಣಗಾಗುತ್ತದೆ, ಮಣಿಕಟ್ಟಿನಲ್ಲಿ ನಾಡಿ ಸಿಗುವುದಿಲ್ಲ, ಮೂರನೇ ನಿಮಿಷದ ಹೊತ್ತಿಗೆ ಜೋಮು ಹಿಡಿದು ನೋಯತೊಡಗುತ್ತದೆ. ಬಿಟ್ಟಾಗ ಅಂಗೈ ಕೆಂಪೇರುತ್ತದೆ. ಮನೆಯ ಡಿಜಿಟಲ್ ಬಿಪಿ ಯಂತ್ರದಿಂದ ಇದು ಆಗದು: ಅದು ಏರಿದ ಕೂಡಲೇ ಇಳಿಯುವಂತೆ ಮಾಡಿದ ಯಂತ್ರ. ಡಯಾಲಿಸಿಸ್‌ಗಾಗಿ ಫಿಸ್ಟುಲಾ ಮಾಡಿಸಿಕೊಂಡ ಕೈಗೆ, ಸ್ತನ ಶಸ್ತ್ರಚಿಕಿತ್ಸೆಯ ನಂತರ ಊತವಿರುವ ಕೈಗೆ, ನಾಳದಲ್ಲಿ ಹೆಪ್ಪುಗಟ್ಟಿದ ಅಂಗಕ್ಕೆ ಪಟ್ಟಿ ಬಿಗಿಯಲೇಬಾರದು.

ಆರಂಭದ ಫಲಿತಾಂಶಗಳು ನೋಡಿ ಯಾರಿಗಾದರೂ ಆಸೆ ಹುಟ್ಟಬೇಕು. 2007ರಲ್ಲಿ ಲಂಡನ್‌ನಲ್ಲಿ ಬೈಪಾಸ್ ಮಾಡಿಸಿಕೊಂಡ 57 ರೋಗಿಗಳಲ್ಲಿ, ಪಟ್ಟಿ ಬಿಗಿಸಿಕೊಂಡವರ ರಕ್ತದಲ್ಲಿ, ಹೃದಯ ಸ್ನಾಯುವಿನ ಹಾನಿ ತೋರಿಸುವ ಟ್ರೊಪೋನಿನ್ ಶೇ 43ರಷ್ಟು ಕಡಿಮೆಯಿತ್ತು. 2010ರಲ್ಲಿ ಡೆನ್ಮಾರ್ಕ್‌ನಲ್ಲಿ ಆಂಬುಲೆನ್ಸಿನಲ್ಲೇ ಪಟ್ಟಿ ಕಟ್ಟಿ ಆಂಜಿಯೋಪ್ಲಾಸ್ಟಿಗೆ ಒಯ್ದರು. ಅಪಾಯದಲ್ಲಿದ್ದ ಸ್ನಾಯುವಿನಲ್ಲಿ ಉಳಿದ ಪಾಲು 0.55ರಿಂದ 0.75ಕ್ಕೆ ಏರಿತು.

ಆಮೇಲೆ ದೊಡ್ಡ ಪರೀಕ್ಷೆಗಳು ಬಂದವು. 2015ರಲ್ಲಿ ಬ್ರಿಟನ್ನಿನ 1,612 ಬೈಪಾಸ್ ರೋಗಿಗಳಲ್ಲಿ ಒಂದು ವರ್ಷದೊಳಗೆ ಹೃದಯ ಅಥವಾ ರಕ್ತನಾಳದ ಕಾರಣದಿಂದಾದ ಸಾವು, ಹೃದಯಾಘಾತ, ಮರುಚಿಕಿತ್ಸೆ, ಪಾರ್ಶ್ವವಾಯು ಒಟ್ಟು ಸೇರಿ ಪಟ್ಟಿ ಗುಂಪಿನಲ್ಲಿ ಶೇ 26.5, ಇನ್ನೊಂದರಲ್ಲಿ ಶೇ 27.7. ಅದೇ ವರ್ಷ ಜರ್ಮನಿಯ ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ, ಸ್ವಲ್ಪ ಬೇರೆ ಅಳತೆಗೋಲಿನಿಂದ, ಶೇ 14.3 ಮತ್ತು 14.6. 2019ರಲ್ಲಿ ಬ್ರಿಟನ್, ಡೆನ್ಮಾರ್ಕ್, ಸ್ಪೇನ್, ಸರ್ಬಿಯಾಗಳ 5,401 ಹೃದಯಾಘಾತದ ರೋಗಿಗಳಲ್ಲಿ ಹೃದಯದಿಂದಾದ ಸಾವು ಅಥವಾ ಹೃದಯವೈಫಲ್ಯಕ್ಕೆ ಆಸ್ಪತ್ರೆ ಸೇರಿದ್ದು ಪಟ್ಟಿ ಗುಂಪಿನಲ್ಲಿ ಶೇ 9.4, ಪಟ್ಟಿಯಿಲ್ಲದವರಲ್ಲಿ ಶೇ 8.6. ಯುರೋಪಿನ ಮಟ್ಟಿಗೆ ಅಲ್ಲಿಗೆ ಬಾಗಿಲು ಹಾಕಿದಂತಾಯಿತು.

ಏಕೆ ಸೋತಿತು

ಪ್ರಯೋಗಶಾಲೆಯ ಪ್ರಾಣಿ ಎಳೆಯದು, ಆರೋಗ್ಯದ್ದು, ಮಾತ್ರೆ ತಿನ್ನದ್ದು ಎಂಬ ಉತ್ತರ ಎಲ್ಲರೂ ಕೊಡುತ್ತಾರೆ. ಅದು ಸರಿಯೇ, ಆದರೆ ಅಷ್ಟರಿಂದ ಮುಗಿಯುವುದಿಲ್ಲ. ಬ್ರಿಟನ್ ಮತ್ತು ಜರ್ಮನಿಯ ಆ ಎರಡು ಶಸ್ತ್ರಚಿಕಿತ್ಸೆ ಪರೀಕ್ಷೆಗಳಲ್ಲಿ ಹೆಚ್ಚಿನವರಿಗೆ ಪ್ರೊಪೊಫಾಲ್ ಅರಿವಳಿಕೆ ಕೊಟ್ಟಿದ್ದರು. ಪ್ರೊಪೊಫಾಲ್ ಇದ್ದಾಗ ತೋಳಿನ ಸುದ್ದಿ ಹೃದಯಕ್ಕೆ ನಾಟುವುದಿಲ್ಲ, ಉಸಿರಿನ ಮೂಲಕ ಕೊಡುವ ಐಸೋಫ್ಲುರೇನ್ ಇದ್ದಾಗ ನಾಟುತ್ತದೆ ಎಂದು ಎಸ್ಸೆನ್‌ನ ತಂಡ ಮೊದಲೇ ಕಂಡಿತ್ತು. ಮತ್ತೆ, ಬೈಪಾಸ್‌ನಲ್ಲಿ ಹೃದಯವನ್ನು ಪೊಟ್ಯಾಸಿಯಂ ದ್ರಾವಣದಿಂದ ನಿಲ್ಲಿಸಿ ಕಾಯ್ದಿರುತ್ತಾರೆ. ಈಗಾಗಲೇ ಕೊಡೆ ಹಿಡಿದವನಿಗೆ ಇನ್ನೊಂದು ಕೊಡೆ.

ಹೃದಯಾಘಾತದಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗುವ ಕಾರಣ 1986ರ ಆ ಎರಡನೆಯ ಪ್ರಯೋಗದಲ್ಲೇ ಇದೆ. ಈ ರಕ್ಷಣೆ ಸಮಯವನ್ನು ಕೊಂಡು ಕೊಡುವ ಸರಕು. ಯುರೋಪಿನ ಆ ರೋಗಿಗಳಿಗೆ ಸಮಯದ ಕೊರತೆ ಅಷ್ಟಿರಲಿಲ್ಲ: ಬೇಗ ಬಂದರು, ಬೇಗ ಸ್ಟೆಂಟ್ ಹಾಕಿಸಿಕೊಂಡರು, ಬಹುತೇಕರು ಹೃದಯವೈಫಲ್ಯದ ಲಕ್ಷಣವಿಲ್ಲದೆ ಬಂದಿದ್ದರು. ಹೆಪ್ಪು ತಡೆಯಲು ಕೊಡುವ ಟಿಕಾಗ್ರೆಲರ್‌ನಂಥ ಔಷಧಗಳೂ ಪ್ರಾಣಿಗಳಲ್ಲಿ ಇದೇ ದಾರಿಯಲ್ಲಿ ಹೃದಯವನ್ನು ಕಾಯುತ್ತವೆ. ಇನ್ನು ಪಟ್ಟಿಗೆ ಉಳಿದ ಕೆಲಸವೇನು?

ಹಾಗಾದರೆ ಸ್ಟೆಂಟ್ ಸಿಗದ ಕಡೆ? ಮಾರಿಷಸ್‌ನಲ್ಲಿ 519 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆಂಜಿಯೋಪ್ಲಾಸ್ಟಿ ಇಲ್ಲದೆ ಹೆಪ್ಪು ಕರಗಿಸುವ ಚುಚ್ಚುಮದ್ದು ಮಾತ್ರ ಪಡೆದವರಿಗೆ ಪಟ್ಟಿ ಬಿಗಿದಾಗ, ಹಾನಿ ತೋರಿಸುವ ಸಿಕೆ-ಎಂಬಿ ಶೇ 32ರಷ್ಟು, ಟ್ರೊಪೋನಿನ್ ಶೇ 17ರಷ್ಟು ಇಳಿಯಿತು. ಅದು ರಕ್ತಪರೀಕ್ಷೆಯ ಅಂಕಿ, ಜೀವ ಉಳಿದ ಲೆಕ್ಕವಲ್ಲ. ಆಸೆಗೂ ಪುರಾವೆಗೂ ನಡುವಿನ ಅಂತರವನ್ನು ಈ ವಿಷಯದಲ್ಲಿ ಮೂರು ಸಲ ನೋಡಿಯಾಗಿದೆ. ಮಿದುಳಿನಲ್ಲೂ ಇದೇ ಎಳೆದಾಟ: 2022ರಲ್ಲಿ ಚೀನಾದ 1,776 ಪಾರ್ಶ್ವವಾಯು ರೋಗಿಗಳಲ್ಲಿ ಚೆನ್ನಾಗಿ ಚೇತರಿಸಿಕೊಂಡವರು ಶೇ 62.0ರಿಂದ 67.4ಕ್ಕೆ ಏರಿದರು, ಮರುವರ್ಷ ಡೆನ್ಮಾರ್ಕ್‌ನಲ್ಲಿ ಲಾಭ ಕಾಣಲಿಲ್ಲ.

ನಮ್ಮ ಕಡೆಗೆ ಇದರಿಂದ ಬರುವ ಮಾತು ಪಟ್ಟಿಯದ್ದಲ್ಲ, ಗಡಿಯಾರದ್ದು. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಕೇಂದ್ರದ ಸಲಹೆ ಪಡೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಈ ಮದ್ದಿನ ಲಾಭ ಹೆಚ್ಚು ಸಿಗುವುದು ನೋವು ಶುರುವಾದ ಮೊದಲ ಎರಡು ಮೂರು ಗಂಟೆಯಲ್ಲಿ; 12 ಗಂಟೆ ದಾಟಿದರೆ ಕೊಡುವುದಿಲ್ಲ. ಹಿಂದಿನ ದಿನ ನೋವು ಬಂದು ಹೋಗಿ ಹೃದಯ ಒಂದಿಷ್ಟು ಸಿದ್ಧವಾಗಿದೆ ಎಂದೇ ಇಟ್ಟುಕೊಳ್ಳೋಣ. ಆ ಸಿದ್ಧತೆಯಿಂದ ಸಿಕ್ಕ ಬಿಡುವನ್ನು ಗ್ಯಾಸ್ ಮಾತ್ರೆ ನುಂಗಿ, ಬೆಳಗಾಗಲಿ ಎಂದು ಕಾಯುವುದರಲ್ಲಿ ಕಳೆದರೆ, ಮೂರು ಗಂಟೆ ಬಿಗಿದ ನಾಯಿಗಳ ಗುಂಪಿಗೆ ಸೇರಿದಂತೆ. 108ಕ್ಕೆ ಕರೆ, ಅಲರ್ಜಿ ಅಥವಾ ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಜಗಿದು ನುಂಗುವುದು, ತಾನೇ ಗಾಡಿ ಓಡಿಸದಿರುವುದು. ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ.

ನೋವು ಪೂರ್ತಿ ಹೋಗಿದೆ, ಈಗ ಹಾಯಾಗಿದ್ದೇನೆ ಎನ್ನುವವರಿಗೂ ಇಸಿಜಿ ಬೇಕು, ಅದೂ ಎಚ್ಚರದಿಂದ ಓದಬೇಕು. 1982ರಲ್ಲಿ ನೆದರ್ಲೆಂಡ್ಸ್‌ನ ಹೈನ್ ವೆಲ್ಲೆನ್ಸ್ ಅವರ ತಂಡ ವಿವರಿಸಿದ ಒಂದು ಚಿತ್ರವಿದೆ. ನೋವಿಲ್ಲದ ಹೊತ್ತಿನಲ್ಲಿ ತೆಗೆದ ಇಸಿಜಿಯಲ್ಲಿ ಎದೆಯ ವಿ2, ವಿ3 ಲೀಡ್‌ಗಳ ಗೆರೆಯಲ್ಲಿ, ಪ್ರತಿ ಬಡಿತದ ಕೊನೆಯಲ್ಲಿ ಬರುವ ಟಿ ಅಲೆ ತಲೆಕೆಳಗಾಗಿ ಆಳಕ್ಕೆ ಇಳಿದಿರುತ್ತದೆ, ಇಲ್ಲವೇ ಮೊದಲು ಮೇಲೇರಿ ಆಮೇಲೆ ಕೆಳಗೆ ಬಾಗಿರುತ್ತದೆ. ಟ್ರೊಪೋನಿನ್ ಸರಿಯಾಗಿಯೇ ಇರಬಹುದು, ಸ್ವಲ್ಪವಷ್ಟೇ ಏರಿರಬಹುದು. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳ ಮುಚ್ಚಿ, ತಾನಾಗಿ ತೆರೆದು, ಈಗ ಕೂದಲೆಳೆಯಷ್ಟು ದಾರಿಯಲ್ಲಿ ಹರಿಯುತ್ತಿದೆ ಎಂಬುದರ ಗುರುತು ಅದು. ಅವರ ಆ ಮೊದಲ ಸರಣಿಯಲ್ಲಿ ಈ ಚಿತ್ರವಿದ್ದು ಶಸ್ತ್ರಚಿಕಿತ್ಸೆ ಆಗದೆ ಉಳಿದ 16 ಮಂದಿಯಲ್ಲಿ 12 ಮಂದಿಗೆ ಕೆಲವೇ ವಾರಗಳಲ್ಲಿ ಮುಂಭಾಗದ ದೊಡ್ಡ ಆಘಾತವಾಯಿತು. ಇಂಥವರಿಗೆ, ನೋವಿಲ್ಲವಲ್ಲ, ಒಮ್ಮೆ ಓಡಿಸಿ ನೋಡೋಣ ಎಂದು ಟ್ರೆಡ್‌ಮಿಲ್ ಹತ್ತಿಸಬಾರದು. ನೇರವಾಗಿ ಆಂಜಿಯೋಗ್ರಾಂ.